ಅಂಕಿತವಿಲ್ಲದ ಹಾಡು

(ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಮಾನ್ಯರೆ,

ಈಗ ನೀವು ಕೇಳಿದ ಮೂರು ನಿಮಿಷ ಚಿಲ್ಲರೆಯ ಧ್ವನಿಮುದ್ರಣ 1927ರ ಡಿಸೆಂಬರ್ 3ರಂದು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ, ಕೊಲಂಬಿಯಾ ಕಂಪನಿಗಾಗಿ ಆದದ್ದು. ಹಾಡಿದವರೂ ಗಿಟಾರ್ ನುಡಿಸಿದವರೂ ಬ್ಲೈಂಡ್ ವಿಲ್ಲಿ ಜಾನ್ಸನ್ ಎಂಬ ಕಪ್ಪು ಜನಾಂಗದ ಗಾಯಕರು. ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡು, ಬೀದಿಬದಿಯಲ್ಲಿ ಭಕ್ತಿಗೀತೆಗಳನ್ನು ಹಾಡಿ ಬದುಕಿದವರು. ಹಾಡು ಎಂದೆನಾದರೂ ಇದರಲ್ಲಿ ಒಂದೇ ಒಂದು ಪದವೂ ಇಲ್ಲವೆಂಬುದನ್ನು ನೀವು ಗಮನಿಸಿರಬೇಕು. ತಂತಿಯ ಮೇಲೆ ಗಟ್ಟಿಯಾದ ಏನನ್ನೋ ಜಾರಿಸುತ್ತ, ನಮ್ಮ ಗೋಟುವಾದ್ಯದಲ್ಲಿ ಆಗುವ ಹಾಗೆ ಸ್ವರದಿಂದ ಸ್ವರಕ್ಕೆ ತೇಲಿ ಹೋಗುತ್ತ, ಅವರು ಗುನುಗುತ್ತಾರೆ, ನರಳುತ್ತಾರೆ. ಕೆಲವೆಡೆ ತಂತಿ ಆರಂಭಿಸಿದ್ದನ್ನು ಕೊರಳು ಮುಗಿಸುತ್ತದೆ, ಕೆಲವೆಡೆ ಕೊರಳು ಕೈಬಿಟ್ಟದ್ದನ್ನು ತಂತಿ ಎತ್ತಿಕೊಳ್ಳುತ್ತದೆ.

ನಾನು ಇದನ್ನು ಮೊದಲ ಸಲ ಮನೆಯಲ್ಲಿ ಕೇಳುತ್ತಿದ್ದಾಗ ಅಮ್ಮ ಅಡುಗೆಮನೆಯಿಂದ ಬಂದು ಬಾಗಿಲ ಬಳಿ ನಿಂತರು. ಐವತ್ತು ವರ್ಷ ದೇವರನಾಮ ಹಾಡಿಕೊಂಡು ಬಂದ ಜೀವ ಅದು. ಇಂಗ್ಲಿಷ್ ಸಂಗೀತವೆಂದರೆ ಬರೀ ಗದ್ದಲ ಎಂದು ನಂಬಿದ್ದವರು. ಮುಗಿಯುವವರೆಗೂ ನಿಂತಿದ್ದು, "ಯಾರೋ ಇದು? ದೇವರ ಮುಂದೆ ಒಬ್ಬನೇ ಕೂತು ಕಷ್ಟ ಹೇಳ್ಕೊಳ್ತಿದ್ದಾನಲ್ಲ!" ಎಂದರು.

ಅಮ್ಮನ ಊಹೆ ಸರಿಯಾಗಿತ್ತು. ಆ ಗುನುಗಿನ ಹಿಂದೆ ಇಂಗ್ಲೆಂಡಿನ ಪಾದ್ರಿ ಥಾಮಸ್ ಹಾವಿಸ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬರೆದ ಒಂದು ಕೀರ್ತನೆ ಇದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಒಂಟಿಯಾಗಿ ಪ್ರಾರ್ಥಿಸಿದ್ದನ್ನು ಅದು ಹೇಳುತ್ತದೆ: ಇರುಳು ಕಪ್ಪಾಗಿತ್ತು, ನೆಲ ತಣ್ಣಗಿತ್ತು. ಬಿಳಿಯ ಪಾದ್ರಿಯ ಮಾತುಗಳು ಗುಲಾಮರ ಪ್ರಾರ್ಥನಾ ಕೂಟಗಳನ್ನು ಹಾದು, ತಲೆಮಾರುಗಳನ್ನು ದಾಟಿ, ಟೆಕ್ಸಾಸಿನ ಕುರುಡ ಗಾಯಕನೊಬ್ಬನ ಬಾಯಿಗೆ ಬರುವ ಹೊತ್ತಿಗೆ ಮಾತುಗಳೆಲ್ಲ ಉದುರಿ ಹೋಗಿ ನೋವಷ್ಟೇ ಉಳಿದಿತ್ತು. ಆ ನೋವು ಅಡುಗೆಮನೆಯಲ್ಲಿದ್ದ ನನ್ನ ತಾಯಿಗೆ ಕೇಳಿಸಿತು.

ಇಲ್ಲಿಗೆ ನಿಲ್ಲಿಸಿ, ಸಂಗೀತಕ್ಕೆ ಜಾತಿಯಿಲ್ಲ, ದೇಶವಿಲ್ಲ, ಬಣ್ಣವಿಲ್ಲ ಎಂದು ಹೇಳಿ ಕುಳಿತುಕೊಂಡಿದ್ದರೆ ನಿಮಗೂ ಸಂತೋಷವಾಗುತ್ತಿತ್ತು, ನನಗೂ ಸುಲಭವಾಗುತ್ತಿತ್ತು. ಆದರೆ ಆ ಮಾತನ್ನು ಒಪ್ಪಲು ನನಗೆ ಒಂದು ಅಡ್ಡಿಯಿದೆ. ಇದೇ ಜನರ ಹಾಡನ್ನು ನನ್ನ ತಾಯಿಗಿಂತ ಎಷ್ಟೋ ಹತ್ತಿರದಿಂದ, ದಿನವೂ, ತಮ್ಮದೇ ಹೊಲಗದ್ದೆಗಳಲ್ಲಿ ಕೇಳಿದವರಿಗೆ ಅದರಲ್ಲಿ ನೋವು ಕೇಳಿಸಲೇ ಇಲ್ಲ.

ಫ್ರೆಡರಿಕ್ ಡಗ್ಲಸ್ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ಗುಲಾಮಗಿರಿಯಿಲ್ಲದ ಉತ್ತರದ ರಾಜ್ಯಗಳಿಗೆ ತಪ್ಪಿಸಿಕೊಂಡು ಹೋಗಿ, 1845ರಲ್ಲಿ ತಮ್ಮ ಆತ್ಮಕಥೆಯನ್ನು ಪ್ರಕಟಿಸಿದವರು. ತಿಂಗಳ ಪಡಿ ತರಲು ಯಜಮಾನನ ದೊಡ್ಡ ಮನೆಗೆ ಹೋಗುವ ಗುಲಾಮರು ದಾರಿಯುದ್ದಕ್ಕೂ ಕಾಡು ಮೊಳಗುವಂತೆ ಹಾಡುತ್ತ ಹೋಗುತ್ತಿದ್ದುದನ್ನು ಅದರಲ್ಲಿ ಅವರು ವಿವರಿಸುತ್ತಾರೆ. ಆ ಹಾಡುಗಳನ್ನೇ ಗುಲಾಮರು ಸಂತೃಪ್ತರಾಗಿದ್ದಾರೆ ಎಂಬುದಕ್ಕೆ ಸಾಕ್ಷಿಯಾಗಿ ಎತ್ತಿ ಹೇಳುವವರನ್ನು ಉತ್ತರದಲ್ಲಿ ಕಂಡು ತಾವು ದಂಗಾದುದಾಗಿಯೂ, ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇರಲಾರದೆಂದೂ, ಗುಲಾಮ ಹೆಚ್ಚು ಹಾಡುವುದು ಹೆಚ್ಚು ಬೆಂದಾಗಲೇ ಎಂದೂ ಅವರು ಬರೆಯುತ್ತಾರೆ. ನಮ್ಮಲ್ಲಿಯೂ ಬೀಸುವ ಕಲ್ಲಿನ ಪದಗಳನ್ನು ಓದಿ ಹಳ್ಳಿಯ ಬಾಳಿನ ನೆಮ್ಮದಿಯನ್ನು ಕೊಂಡಾಡುವವರಿದ್ದಾರೆ. ಬೆಳಗಿನ ಜಾವ ಎದ್ದು ರಾಗಿ ಬೀಸಿದ ಹೆಣ್ಣಿನ ತೋಳು ಅವರ ಲೆಕ್ಕಕ್ಕೆ ಬರುವುದಿಲ್ಲ. ಡಗ್ಲಸ್ ಹೇಳುವ ಇನ್ನೊಂದು ಮಾತು ನನಗೆ ಇನ್ನೂ ಮುಖ್ಯವೆನಿಸುತ್ತದೆ. ತಾವು ಗುಲಾಮರ ನಡುವೆಯೇ ಇದ್ದಾಗ ಆ ಹಾಡುಗಳ ಆಳವಾದ ಅರ್ಥ ತಮಗೂ ಆಗಿರಲಿಲ್ಲ, ಆ ವೃತ್ತದ ಒಳಗೇ ಇದ್ದುದರಿಂದ ಹೊರಗಿನವರು ಕೇಳಬಹುದಾದ ಹಾಗೆ ತಾವು ಕೇಳಲಿಲ್ಲ ಎನ್ನುತ್ತಾರೆ ಅವರು. ಹಾಗಾದರೆ ಹತ್ತಿರವಿದ್ದ ಮಾತ್ರಕ್ಕೆ ಹಾಡು ಕೇಳಿಸಿಬಿಡುತ್ತದೆ ಎನ್ನುವಂತಿಲ್ಲ. ಹೊರಗಿನವನಿಗೆ ಅದು ಎಂದೂ ದಕ್ಕದು ಎನ್ನುವಂತೆಯೂ ಇಲ್ಲ.

ದಕ್ಕದೆ ಹೋದದ್ದು ಹೇಗೆ ಎಂಬುದನ್ನು ಅಮೆರಿಕದ ರಂಗಭೂಮಿಯ ಚರಿತ್ರೆಯೇ ತೋರಿಸುತ್ತದೆ. 1830ರ ಆಸುಪಾಸಿನಲ್ಲಿ ಥಾಮಸ್ ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪು ಕೂಲಿಯವನೊಬ್ಬನ ಕುಣಿತವನ್ನೂ ಹಾಡನ್ನೂ ತನ್ನದಾಗಿ ಮಾಡಿಕೊಂಡು, ಜಿಮ್ ಕ್ರೋ ಎಂಬ ಪಾತ್ರವನ್ನು ರಂಗಕ್ಕೆ ತಂದನು. ಜನ ಮುಗಿಬಿದ್ದು ನೋಡಿದರು. ಇಂಥ ಮಸಿಮುಖದ ಮೇಳಗಳು ದಶಕಗಳ ಕಾಲ ಆ ದೇಶದ ಅತ್ಯಂತ ಜನಪ್ರಿಯ ಮನರಂಜನೆಯಾಗಿದ್ದವು. ಆ ಪ್ರೇಕ್ಷಕರಿಗೆ ಆ ಹಾಡುಗಳು ಇಷ್ಟವಿರಲಿಲ್ಲ ಎಂದು ಯಾರು ಹೇಳಲಾದೀತು? ಬಹಳ ಇಷ್ಟವಿತ್ತು, ಹಾಡಿನ ಒಡೆಯ ಮಾತ್ರ ಬೇಡವಾಗಿದ್ದ. ಮುಂದೆ ಕಪ್ಪು ಜನರನ್ನು ಶಾಲೆ, ರೈಲು, ಹೋಟೆಲುಗಳಲ್ಲಿ ಬೇರೆಯಾಗಿಟ್ಟ ಕಾನೂನುಗಳಿಗೆ ಆ ನಗೆಪಾತ್ರದ ಹೆಸರೇ ಅಂಟಿಕೊಂಡಿತು, 1960ರ ದಶಕದವರೆಗೂ ಉಳಿಯಿತು. ಇಷ್ಟಪಟ್ಟರೆ ಸಾಕು ಎಂಬ ವಾದವನ್ನು ನಾನು ಒಪ್ಪದಿರುವುದು ಇದಕ್ಕೇ.

ಈಗ ನಮ್ಮ ಕಡೆಯ ಒಂದು ಮಾತು. ದಾಸರ ಪದಗಳಲ್ಲಿ ಕೊನೆಗೆ ಅಂಕಿತ ಬರುತ್ತದೆ. ಅಂಕಿತವೆಂಬುದು ದೇವರ ಹೆಸರೇ ಆದರೂ, ಪುರಂದರ ವಿಠಲ ಎಂದ ಕೂಡಲೆ ಇದು ಯಾರ ಪದ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಕಾಗದವಿಲ್ಲದಿದ್ದರೂ, ಹಾಡುವವರು ಓದು ಬಾರದವರಾದರೂ, ಹಾಡು ತನ್ನ ಒಡೆಯನ ಗುರುತನ್ನು ತನ್ನ ಮೈಯಲ್ಲೇ ಹೊತ್ತುಕೊಂಡು ಊರೂರು ತಿರುಗುತ್ತದೆ. ಅಮೆರಿಕದ ಗುಲಾಮರ ಭಕ್ತಿಗೀತೆಗಳಿಗೆ ಈ ಭಾಗ್ಯವಿಲ್ಲ. ಯಾವ ಹೊಲದಲ್ಲಿ, ಯಾವ ತಾಯಿ ಮೊದಲು ಹಾಡಿದಳೆಂದು ತಿಳಿಯುವಂತಿಲ್ಲ, ಏಕೆಂದರೆ ಆ ತಾಯಿಯ ಹೆಸರು ದಾಖಲಾಗಿದ್ದರೆ ಅದು ಯಜಮಾನನ ಆಸ್ತಿಯ ಪಟ್ಟಿಯಲ್ಲಿ, ಎತ್ತು, ಕುದುರೆ, ಪಾತ್ರೆ ಪಡಗಗಳ ಜೊತೆಯಲ್ಲಿ. ಅಂಕಿತವಿಲ್ಲದ ಹಾಡನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಎತ್ತಿಕೊಂಡರೂ ಕೂಡ.

ಇಂಥ ಹಾಡುಗಳನ್ನು ಅವುಗಳ ಒಡೆಯರೇ ಹೊರಗಿನವರ ಮುಂದಿಟ್ಟ ಒಂದು ಸಂದರ್ಭವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಟೆನೆಸಿಯ ನ್ಯಾಶ್‌ವಿಲ್ಲಿನಲ್ಲಿ, ಬಿಡುಗಡೆ ಹೊಂದಿದ ಗುಲಾಮರಿಗಾಗಿ 1866ರಲ್ಲಿ ಫಿಸ್ಕ್ ಎಂಬ ಶಾಲೆ ಆರಂಭವಾಯಿತು. ಐದೇ ವರ್ಷಗಳಲ್ಲಿ ಅದು ಮುಚ್ಚುವ ಸ್ಥಿತಿಗೆ ಬಂದಾಗ, 1871ರ ಅಕ್ಟೋಬರ್ 6ರಂದು ಒಂಬತ್ತು ವಿದ್ಯಾರ್ಥಿಗಳ ತಂಡವೊಂದು ಹಾಡಿ ಹಣ ತರಲು ಹೊರಟಿತು. ಅವರಲ್ಲಿ ಹೆಚ್ಚಿನವರು ಗುಲಾಮರಾಗಿ ಹುಟ್ಟಿದವರು. ಮೊದಮೊದಲು ಅವರು ಹಾಡುತ್ತಿದ್ದುದು ಬಿಳಿಯರ ಬೈಠಕ್‌ಖಾನೆಗಳಲ್ಲಿ ನಡೆಯುವಂಥ ಹಾಡುಗಳನ್ನು. ತಮ್ಮ ಹೆತ್ತವರ ಹಾಡುಗಳನ್ನು ಸಭೆಯಲ್ಲಿ ಹಾಡುವ ಯೋಚನೆಯೇ ತಮಗಿರಲಿಲ್ಲ, ಅವು ಗುಲಾಮಗಿರಿಯ ಕತ್ತಲ ದಿನಗಳಿಗೆ ಸೇರಿದವು, ಹೆತ್ತವರಿಗೆ ಪೂಜೆಯಷ್ಟು ಪವಿತ್ರವಾದವು ಎಂದು ತಂಡದಲ್ಲಿದ್ದ ಎಲಾ ಶೆಪರ್ಡ್ ಎಂಬಾಕೆ ಮುಂದೆ ನೆನೆದಿದ್ದಾರೆ. ಓಹಾಯೋದ ಓಬರ್ಲಿನ್‌ನಲ್ಲಿ ಒಂದು ದಿನ ಅವರು 'ಸ್ಟೀಲ್ ಅವೇ' ಎಂಬ ಹಾಡನ್ನು ಮೆಲ್ಲಗೆ ಎತ್ತಿಕೊಂಡಾಗ ಸಭೆ ಸ್ತಬ್ಧವಾಯಿತು. ಯೇಸುವಿನ ಬಳಿಗೆ ಕದ್ದು ಹೋಗು ಎನ್ನುವ ಹಾಡು ಅದು. ಪ್ರಾರ್ಥನೆಯೂ ಹೌದು, ಯಜಮಾನನ ಕಣ್ಣು ತಪ್ಪಿಸಿ ಹೊರಡುವ ಸನ್ನೆಯೂ ಹೌದು ಎಂದು ತಿಳಿದವರು ಹೇಳುತ್ತಾರೆ. 1873ರಲ್ಲಿ ಅವರು ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಆ ಸಂಪಾದನೆಯಿಂದ ಕಟ್ಟಿದ ಜುಬಿಲಿ ಹಾಲ್ ಇಂದಿಗೂ ಫಿಸ್ಕ್‌ನಲ್ಲಿ ನಿಂತಿದೆ. ಆ ಒಂಬತ್ತು ಮಂದಿ ತಮ್ಮ ಮನೆಯ ದೇವರಕೋಣೆಯ ಬಾಗಿಲನ್ನು ಅಪರಿಚಿತರಿಗೆ ತೆರೆದರು, ಎಷ್ಟು ತೆರೆಯಬೇಕು ಎಂಬುದನ್ನೂ ತಾವೇ ತೀರ್ಮಾನಿಸಿದರು. ಆ ಮೇಳವನ್ನು ಕೇಳಿದ ಬಿಳಿಯರ ಸಂತೋಷಕ್ಕೂ ಮಸಿಮುಖದ ಮೇಳಗಳನ್ನು ಕಂಡು ನಕ್ಕವರ ಸಂತೋಷಕ್ಕೂ ಇರುವ ಅಂತರ ನನಗೆ ಅಲ್ಲಿ ಕಾಣುತ್ತದೆ.

ಜನಾಂಗದ ಸಂಗೀತ ಎಂದು ನಾವು ಆಡುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಸಂಗೀತ ರಕ್ತದಲ್ಲಿ ಹರಿದು ಬರುವುದಿಲ್ಲ. 1903ರ ಸುಮಾರಿನಲ್ಲಿ ಡಬ್ಲ್ಯು. ಸಿ. ಹ್ಯಾಂಡಿ ಎಂಬ ಬ್ಯಾಂಡ್ ಮಾಸ್ಟರ್ ಮಿಸಿಸಿಪಿಯ ಟಟ್‌ವೈಲರ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತಡವಾದ ರೈಲಿಗೆ ಕಾಯುತ್ತ ತೂಕಡಿಸುತ್ತಿದ್ದರು. ಎಚ್ಚರವಾದಾಗ ಪಕ್ಕದಲ್ಲಿ ಹರಿದ ಬಟ್ಟೆಯ ಕಪ್ಪು ಮನುಷ್ಯನೊಬ್ಬ ಗಿಟಾರಿನ ತಂತಿಯ ಮೇಲೆ ಚಾಕು ಒತ್ತಿ ನುಡಿಸುತ್ತಿದ್ದ. ಎರಡು ರೈಲುದಾರಿಗಳು ಕತ್ತರಿಸುವ ಊರಿಗೆ ಹೋಗುತ್ತೇನೆ ಎಂಬ ಒಂದೇ ಸಾಲನ್ನು ಮೂರು ಸಲ ಹಾಡಿದ. ಇಷ್ಟು ವಿಚಿತ್ರವಾದ ಸಂಗೀತವನ್ನು ತಾನು ಕೇಳಿಯೇ ಇರಲಿಲ್ಲ ಎಂದು ಹ್ಯಾಂಡಿ 1941ರ ತಮ್ಮ ಆತ್ಮಕಥೆಯಲ್ಲಿ ಬರೆದರು. ಹ್ಯಾಂಡಿಯೂ ಕಪ್ಪು ಜನಾಂಗದವರೇ, ಪಕ್ಕದ ಅಲಬಾಮಾ ರಾಜ್ಯದವರು. ಆದರೆ ಸ್ವರಲಿಪಿ ಓದಿ ಕಲಿತ ಅವರ ಕಿವಿಗೆ ತಮ್ಮದೇ ಜನರ ಆ ಹಾಡು ಹೊರಗಿನದಾಗಿತ್ತು. ಅವರು ಅದನ್ನು ಕುಳಿತು ಕಲಿತರು. ಬ್ಲೂಸ್ ಎಂಬ ಹೆಸರಿನಲ್ಲಿ ಅದು ಅಚ್ಚಾಗಿ ಜಗತ್ತಿಗೆ ಹರಡುವುದರಲ್ಲಿ ಅವರ ಪಾಲು ದೊಡ್ಡದು.

ಕರ್ನಾಟಕ ಸಂಗೀತ ಕೇಳಿ ಬೆಳೆದ ನಮಗೆ ಬ್ಲೂಸ್‌ನೊಳಗೆ ಪ್ರವೇಶಿಸಲು ಒಂದು ಬಾಗಿಲು ತಾನಾಗಿಯೇ ತೆರೆದಿರುತ್ತದೆ. ಪಿಯಾನೋದ ಮನೆಗಳಲ್ಲಿ ಕೂಡದ ಅದರ ಗಾಂಧಾರ, ನಮ್ಮ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಎಲ್ಲೋ ಓಲಾಡುತ್ತದೆ. ಗಮಕಕ್ಕೆ ಒಗ್ಗಿದ ಕಿವಿಗೆ ಅದು ಅಪಸ್ವರವೆನಿಸುವುದೇ ಇಲ್ಲ. ಆದರೆ ಇಲ್ಲೇ ಒಂದು ಜಾರುವ ಜಾಗವೂ ಇದೆ. "ಇದು ನಮ್ಮ ಇಂಥ ರಾಗವೇ ಅಲ್ಲವೆ?" ಎಂದು ಗುರುತಿಸಿದ ಕೂಡಲೆ ನಮಗೆ ಸಮಾಧಾನವಾಗುತ್ತದೆ, ಮತ್ತೆ ಅದನ್ನು ಅದಾಗಿ ಕೇಳುವುದು ನಿಂತುಹೋಗುತ್ತದೆ. ನಾನೇ ಬಹಳ ವರ್ಷ ಹೀಗೆ ಕೇಳಿದ್ದೇನೆ. ಆ ಅನಿಶ್ಚಿತ ಗಾಂಧಾರಕ್ಕೆ ಆಫ್ರಿಕದ ನೆಲದ ನೆನಪಿದೆ, ಹತ್ತಿಯ ಹೊಲದ ಕೂಗಿದೆ, ಜೈಲಿನ ಕೈದಿಗಳು ಕೊಡಲಿಯ ಏಟಿಗೆ ಹೊಂದಿಸಿಕೊಂಡು ಹಾಡಿದ ಹಾಡಿದೆ. ನನ್ನ ರಾಗದ ಹೆಸರಿನಲ್ಲಿ ಅದಾವುದೂ ಇಲ್ಲ.

ಕಿವಿಗೆ ಸರಿಯಾಗಿ ಬೀಳದ ಹಾಡು ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಆಫ್ರಿಕದ ಸಾಲೊಮನ್ ಲಿಂಡಾ ಅವರ ಹಾಡಿಗಿಂತ ಕಟುವಾದ ಉದಾಹರಣೆ ನನಗೆ ತಿಳಿಯದು. 1939ರಲ್ಲಿ ಜೊಹಾನ್ಸ್‌ಬರ್ಗಿನಲ್ಲಿ ಲಿಂಡಾ ಮತ್ತು ಅವರ ತಂಡ 'ಎಂಬುಬೆ', ಅಂದರೆ ಸಿಂಹ, ಎಂಬ ಜುಲು ಹಾಡನ್ನು ಧ್ವನಿಮುದ್ರಿಸಿದರು. ಹಾಡಿನ ಹಕ್ಕು 10 ಶಿಲಿಂಗ್‌ಗೆ ಕಂಪನಿಯ ಪಾಲಾಯಿತು. ಆ ಗ್ರಾಮಫೋನ್ ತಟ್ಟೆ ಅಮೆರಿಕಕ್ಕೆ ಹೋದಾಗ ಅದನ್ನು ಮನಸಾರೆ ಮೆಚ್ಚಿದ ಬಿಳಿಯ ಗಾಯಕರಿಗೆ 'ಉಯಿಂಬುಬೆ', ನೀನೊಂದು ಸಿಂಹ, ಎಂಬ ಪದ 'ವಿಮೋವೆ' ಎಂದು ಕೇಳಿಸಿತು. ಅರ್ಥವಿಲ್ಲದ ಆ ಶಬ್ದವೇ ಮೊದಲು ಹಾಡಿನ ಹೆಸರಾಯಿತು, 1961ರಲ್ಲಿ ಹಾಡು ಹೊಸ ಇಂಗ್ಲಿಷ್ ಸಾಹಿತ್ಯದೊಂದಿಗೆ ಲೋಕಪ್ರಸಿದ್ಧವಾಯಿತು. ಮರುವರ್ಷ ಲಿಂಡಾ ಬಡತನದಲ್ಲಿ ತೀರಿಕೊಂಡರು. ಅವರ ಮಕ್ಕಳಿಗೆ ನ್ಯಾಯವೆಂಬುದು ಸಿಕ್ಕಿದ್ದು 2006ರಲ್ಲಿ, ವ್ಯಾಜ್ಯ ಹೂಡಿದ ಮೇಲೆ. ಆ ಹಾಡನ್ನು ನಾನೂ ಚಿಕ್ಕಂದಿನಲ್ಲಿ ಗುನುಗಿದವನೇ. ಆ ಪದ ಒಬ್ಬ ಮನುಷ್ಯನ ಭಾಷೆಯ ಒಡೆದ ಚೂರು ಎಂಬುದು ತಿಳಿದ ದಿನ ನನಗಾದ ಸಂಕಟವನ್ನು ಮರೆಮಾಚುವುದಿಲ್ಲ.

ಇದಕ್ಕೆ ಎದುರಾದ ನಡತೆಯೂ ಇದೆ. ಬ್ರಿಟನ್ನಿನ ರೋಲಿಂಗ್ ಸ್ಟೋನ್ಸ್ ತಂಡ 1965ರಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದಕ್ಕೆ ಬಂದಾಗ, ತಾವು ಯಾರಿಂದ ಕಲಿತೆವೋ ಆ ಕಪ್ಪು ಜನಾಂಗದ ಬ್ಲೂಸ್ ಗಾಯಕ ಹೌಲಿನ್ ವುಲ್ಫ್ ಅವರನ್ನೂ ಕರೆಸಬೇಕೆಂದು ಪಟ್ಟು ಹಿಡಿದು, ಅವರು ಹಾಡುವಾಗ ಕೆಳಗೆ ಕುಳಿತು ಕೇಳಿತು.

ಹೊರದೇಶದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗಳು ಹೋದ ವರ್ಷ ಫೋನ್ ಮಾಡಿದ್ದಳು. ಅವಳ ಕಾಲೇಜಿನ ಗಾಯನ ತಂಡದಲ್ಲಿ ಇಂಥದೇ ಒಂದು ಭಕ್ತಿಗೀತೆಯನ್ನು ಹಾಡಿಸುತ್ತಿದ್ದರಂತೆ. "ಚಿಕ್ಕಪ್ಪ, ಇದು ಅವರ ನೋವಿನ ಹಾಡು. ನಾನು ಹಾಡಿದರೆ ತಪ್ಪಾಗತ್ತಾ?" ಎಂದು ಕೇಳಿದಳು. ಆ ಪ್ರಶ್ನೆ ಅವಳಿಗೆ ಹುಟ್ಟಿತೆಂಬುದೇ ನನಗೆ ಹೆಮ್ಮೆ. ಉತ್ತರವಾಗಿ ನಾನು ಅವಳಿಗೆ ನಮ್ಮ ಹಾಡನ್ನು ಹಾಡಿದ ಹೊರಗಿನವರೊಬ್ಬರ ಕತೆ ಹೇಳಿದೆ.

ಜಾನ್ ಹಿಗಿನ್ಸ್ 1939ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ ಹುಟ್ಟಿದ ಬಿಳಿಯರು. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕರ್ನಾಟಕ ಸಂಗೀತಕ್ಕೆ ಮನಸೋತು, ಮದ್ರಾಸಿಗೆ ಬಂದು, ನಾಟ್ಯಕಲಾವಿದೆ ಬಾಲಸರಸ್ವತಿಯವರ ತಮ್ಮ ಟಿ. ವಿಶ್ವನಾಥನ್ ಅವರಲ್ಲಿ ಕಲಿತರು. ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹಾಡಿದರು. ಜನ ಅವರನ್ನು ಭಾಗವತರ್ ಎಂದು ಕರೆದರು. 1984ರಲ್ಲಿ, ಇನ್ನೂ ನಲವತ್ತೈದರ ಪ್ರಾಯದಲ್ಲಿ, ವಾಹನವೊಂದು ಬಡಿದು ತೀರಿಕೊಂಡರು. ವ್ಯಾಸತೀರ್ಥರ 'ಕೃಷ್ಣಾ ನೀ ಬೇಗನೆ ಬಾರೊ' ಅವರ ಕೊರಳಲ್ಲಿ ಧ್ವನಿಮುದ್ರಣವಾಗಿದೆ. ಕಣ್ಣು ಮುಚ್ಚಿ ಕೇಳಿ: ಯಮುನಾ ಕಲ್ಯಾಣಿ ಅವಸರವಿಲ್ಲದೆ ಬಿಚ್ಚಿಕೊಳ್ಳುತ್ತದೆ, ಕರೆಯುವ ತಾಯಿಯ ಸಲಿಗೆ ಕೊರಳಲ್ಲಿದೆ. ಆ ಹಾಡನ್ನು ಅವರು ಎಲ್ಲೋ ಕೇಳಿ ಎತ್ತಿಕೊಂಡದ್ದಲ್ಲ. ಅದನ್ನು ಅಭಿನಯಿಸಿ ಪ್ರಸಿದ್ಧಿಗೆ ತಂದವರ ಮನೆತನದಲ್ಲೇ ವರ್ಷಗಟ್ಟಲೆ ಕುಳಿತು ಪಡೆದದ್ದು. ಉಡುಪಿ ಶ್ರೀಕೃಷ್ಣನೆಂಬ ಕೊನೆಯ ಸಾಲನ್ನು ಅವರು ಹಾಡುವಾಗ ನಮಗೆ ಏನನ್ನೋ ಕಳೆದುಕೊಂಡೆವೆಂದು ಅನ್ನಿಸುವುದಿಲ್ಲ.

ಆದರೆ ಇದನ್ನು ಹೇಳಿ ಮುಗಿಸುವಾಗ ನನಗೇ ಒಂದು ಪ್ರಶ್ನೆ ಎದುರಾಯಿತು. ಬಿಳಿಯ ಮನುಷ್ಯ ನಮ್ಮ ಹಾಡು ಕಲಿತರೆ ನಾವು ಹಿಗ್ಗುತ್ತೇವೆ. ಕಪ್ಪು ಜನರ ಸಂಗೀತಕ್ಕೆ ಕುಣಿಯುವ ನಮ್ಮ ನಗರಗಳು ಆ ಜನರನ್ನು ಹೇಗೆ ಕಾಣುತ್ತವೆ? 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟಿಗೆ, ಅದಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಕೈಮಾಡಿತು. ಅವಳ ಚರ್ಮದ ಬಣ್ಣವೊಂದೇ ಸಾಕಾಯಿತು. ಆ ದಿನಗಳಲ್ಲಿ ನನಗೆ ಹಲವು ವಾರ ಈ ತಟ್ಟೆಗಳನ್ನು ಹಾಕಿ ಕೇಳುವ ಮನಸ್ಸಾಗಲಿಲ್ಲ.

ಅಷ್ಟು ದೂರವೂ ಹೋಗಬೇಕಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡಿನ ಕಾಡಂಚುಗಳಲ್ಲಿ ಸಿದ್ದಿ ಜನರಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ, ಅನೇಕರು ಗೋವೆಯ ಪೋರ್ಚುಗೀಸರ ಗುಲಾಮರಾಗಿ ಬಂದವರ, ಸಂತತಿ ಅದು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಉತ್ಸವದಲ್ಲಿ ಅವರ ಡಮಾಮಿ ಕುಣಿತವನ್ನು ನೋಡಿದೆ. ನಿರೂಪಕರು "ಈಗ ಆಫ್ರಿಕಾದ ಹಾಡು, ಆಫ್ರಿಕಾದ ನೃತ್ಯ" ಎಂದು ಸಾರಿದರು, ಸಭೆ ಸಿಳ್ಳೆ ಹೊಡೆಯಿತು. ಆದರೆ ಹಾಡಿನ ಮಾತುಗಳು ಕೊಂಕಣಿಯವು, ನಡುನಡುವೆ ನಮ್ಮ ಕನ್ನಡ ಪದಗಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಮ್ಮಲ್ಲಿ ಯಾರೂ ಅದನ್ನು ಕೇಳಿಸಿಕೊಂಡಿರಲಿಲ್ಲ. ನಾವು ನೋಡಿದ್ದು ಮುಖಗಳನ್ನು. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಹೋಗಿ ಡಮಾಮಿ ಬಾರಿಸಿದ ಹಿರಿಯರ ಹತ್ತಿರ ಹಾಡಿನ ಅರ್ಥ ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟ್ ವರ್ಷದಾಗೆ ಯಾರೂ ಕೇಳಿರ್ಲಿಲ್ಲ" ಎಂದರು. ಆಮೇಲೆ ಬೆರಳುಗಳಿಂದ ಚರ್ಮದ ಮೇಲೆ ಮೆಲ್ಲಗೆ ತಾಳ ಹಾಕುತ್ತ ಒಂದೊಂದೇ ಸಾಲು ಬಿಡಿಸಿ ಹೇಳಿದರು. ಅದು ಮಾಡಿದ ಕೆಲಸದ ಬಗ್ಗೆ, ಒಡೆಯನ ಮನೆಯ ಅಂಗಳದ ಬಗ್ಗೆ ಇದ್ದ ಹಾಡು.

ನಾನು ಕೇಳುವ ರೀತಿ ಬದಲಾದದ್ದು ಬಹುಶಃ ಅಂದಿನಿಂದ. ಈಗ ಯಾವ ಹಾಡು ಮನಸ್ಸಿಗೆ ಹಿಡಿದರೂ ಹಾಡಿದವರು ಯಾರು, ಎಲ್ಲಿಯವರು, ಅವರಿಗೆ ಏನು ಸಂದಾಯವಾಯಿತು ಎಂದು ಹುಡುಕುತ್ತೇನೆ. ಇದರಿಂದ ಸುಖ ಕಡಿಮೆಯಾಗಲಿಲ್ಲವೆ ಎಂದು ಗೆಳೆಯರು ಕೇಳುತ್ತಾರೆ. ಇಲ್ಲ. ವಿಲ್ಲಿ ಜಾನ್ಸನ್ ಅವರ ಇದೇ ಹಾಡನ್ನು 1977ರಲ್ಲಿ ವಾಯೇಜರ್ ನೌಕೆಗಳಲ್ಲಿ, ಕೇಸರಬಾಯಿ ಕೇರ್ಕರ್ ಅವರ ಭೈರವಿಯ ಜೊತೆಗೆ, ಅಂತರಿಕ್ಷಕ್ಕೆ ಕಳುಹಿಸಿದ್ದಾರೆ. ಆದರೆ ಅವರು 1945ರಲ್ಲಿ ತಮ್ಮ ಮನೆ ಸುಟ್ಟುಹೋದ ಮೇಲೆ, ಆ ಸುಟ್ಟ ಮನೆಯಲ್ಲೇ ಒದ್ದೆ ಹಾಸಿಗೆಯ ಮೇಲೆ ಮಲಗಿ, ಕಾಯಿಲೆ ಬಿದ್ದು ತೀರಿಕೊಂಡರೆಂದು ಅವರ ಮಡದಿ ಹೇಳಿದ್ದಾರೆ. ಇದನ್ನು ತಿಳಿದು ಕೇಳುವಾಗ ತಣ್ಣಗಿನ ನೆಲವೆಂಬ ಮಾತು ನನಗೆ ಬೇರೆಯಾಗಿಯೇ ಕೇಳಿಸುತ್ತದೆ.

ಇದೆಲ್ಲವನ್ನೂ ಒಂದು ಸಂಜೆ ಅಮ್ಮನಿಗೆ ಹೇಳಿದೆ. "ಇನ್ನೊಂದ್ ಸಲ ಹಾಕು" ಎಂದರು. ಕೇಳಿದ ಮೇಲೆ ಒಳಗೆ ಹೋಗಿ ತಮ್ಮ ಹಾಡಿನ ಪುಸ್ತಕ ತಂದರು. ರಟ್ಟು ಕಿತ್ತುಹೋದ ಹಳೆಯ ನೋಟ್‌ಬುಕ್ಕು ಅದು. ಪ್ರತಿ ಪುಟದ ತಲೆಯಲ್ಲಿ ರಾಗ, ತಾಳ, ಕೆಳಗೆ ಸಾಹಿತ್ಯ, ಕೊನೆಗೆ ಯಾರ ಪದವೆಂಬ ಟಿಪ್ಪಣಿ. ಹೊಸ ಪುಟ ತೆಗೆದು, ಪೆನ್ನು ಹಿಡಿದು, "ರಾಗ ಏನಂತ ಬರೀಲೋ?" ಎಂದರು. ಇದಕ್ಕೆ ನಮ್ಮ ರಾಗದ ಹೆಸರು ಬರೆಯುವುದು ಬೇಡ ಎಂದೆ. ಅವರು ಅಲ್ಲಿ ಖಾಲಿ ಬಿಟ್ಟು, ತಾಳದ ಮುಂದೆಯೂ ಖಾಲಿ ಬಿಟ್ಟು, ಪುಟದ ಕೊನೆಗೆ ಬಂದು, ಅಕ್ಷರ ಅಕ್ಷರವಾಗಿ ನನ್ನಿಂದ ಹೇಳಿಸಿಕೊಂಡು, ಆ ಹೆಸರನ್ನು ಬರೆದರು.